ಸರಪಣಿಯೂ ಹಲ್ಲಿನ ಬೆಲ್ಟೂ

ಕನ್ನಡ ಪಾಠ ಹೇಳಿಕೊಂಡು ಮೂವತ್ತೈದು ವರ್ಷ ಕಳೆದವನಿಗೆ ಮೋಟಾರಿನ ಉಸಾಬರಿ ಏಕೆ ಎಂದು ಕೇಳುಗರಲ್ಲಿ ಕೆಲವರಾದರೂ ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದೇ. ನಾನು ಕಾರು ನಡೆಸಿದವನಲ್ಲ, ನಡೆಸುವ ಧೈರ್ಯವೂ ನನಗಿಲ್ಲ. ಆದರೆ ಪದಗಳ ಬೆನ್ನು ಹತ್ತಿ ಹೋಗುವ ಚಾಳಿಯುಳ್ಳವನು ಒಂದೊಂದು ಸಲ ಪದದಿಂದ ವಸ್ತುವಿಗೆ, ವಸ್ತುವಿನಿಂದ ಅದರ ಚರಿತ್ರೆಗೆ ಜಾರಿಬಿಡುತ್ತಾನೆ. 'ಟೈಮಿಂಗ್' ಎಂಬ ಮಾತು ನನ್ನನ್ನು ಹಾಗೆ ಜಾರಿಸಿತು. ನಮ್ಮೂರಿನ ಗ್ಯಾರೇಜುಗಳಲ್ಲಿ ಈ ಮಾತು ಮನೆಮಾತಿನಷ್ಟೇ ಸಲೀಸು. 'ಟೈಮಿಂಗ್ ಹೋಗಿದೆ', 'ಟೈಮಿಂಗ್ ಕೂರಿಸಬೇಕು', 'ಟೈಮಿಂಗ್ ಬೆಲ್ಟು', 'ಟೈಮಿಂಗ್ ಚೈನು'. ಇದಕ್ಕೆ ಕನ್ನಡದಲ್ಲಿ 'ತಾಳಪಟ್ಟಿ' ಎಂದರೆ ಹೇಗೆ ಎಂದು ಪರಿಚಯದ ಮೇಸ್ತ್ರಿಯೊಬ್ಬರನ್ನು ಒಮ್ಮೆ ಕೇಳಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡದೆಯೇ, "ಹೆಸರು ಏನಾದ್ರೂ ಇಡಿ ಮೇಷ್ಟ್ರೇ, ಹೊತ್ತಿಗೆ ಸರಿಯಾಗಿ ಬದಲಾಯಿಸೋಕೆ ಹೇಳಿ, ಅಷ್ಟು ಸಾಕು" ಎಂದರು. ಪಾರಿಭಾಷಿಕ ಪದರಚನೆಯ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಅದು ಅತ್ಯಂತ ಚಿಕ್ಕದು.

ತಾಳವೆಂಬ ಮಾತು ಅಷ್ಟೇನೂ ಅಸಂಗತವಲ್ಲ. ಎಂಜಿನ್ನಿನ ತಳದಲ್ಲಿ ಒಂದು ಉಕ್ಕಿನ ದಂಡವಿದೆ. ಪಿಸ್ಟನ್ನುಗಳ ಏರಿಳಿತವನ್ನು ಅದು ತಿರುಗಾಟವಾಗಿ ಮಾರ್ಪಡಿಸುತ್ತದೆ. ಅದು ಕ್ರ್ಯಾಂಕ್ ಶಾಫ್ಟು. ಗಾಳಿಯನ್ನು ಒಳಬಿಡುವ, ಹೊಗೆಯನ್ನು ಹೊರದೂಡುವ ಕವಾಟಗಳನ್ನು, ಅಂದರೆ ಗ್ಯಾರೇಜಿನವರು ವಾಲ್ವುಗಳೆನ್ನುವುದನ್ನು, ತೆರೆಯುವುದಕ್ಕೆ ಇನ್ನೊಂದು ದಂಡವಿದೆ. ಅದು ಕ್ಯಾಮ್ ಶಾಫ್ಟು. ಮೊದಲನೆಯದು ಎರಡು ಸುತ್ತು ಬರುವಷ್ಟರಲ್ಲಿ ಎರಡನೆಯದು ಒಂದೇ ಸುತ್ತು ಬರಬೇಕು. ಹೆಚ್ಚೂ ಕೂಡದು, ಕಡಿಮೆಯೂ ಕೂಡದು. ಎಂಜಿನ್ನು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ವೇಗದಲ್ಲಿದ್ದರೆ ಒಂದೊಂದು ಕವಾಟವೂ ಸೆಕೆಂಡಿಗೆ ಮೂವತ್ತಮೂರು ಸಲ ತೆರೆದು ಮುಚ್ಚುತ್ತದೆ. ಈ ಎರಡು ದಂಡಗಳನ್ನು ಲಯ ತಪ್ಪದಂತೆ ಜೋಡಿಸಿಡುವ ಕೆಲಸವೊಂದೇ ನಾನು ಹೇಳಹೊರಟಿರುವ ಸರಪಣಿಯದೂ ಬೆಲ್ಟಿನದೂ. ಲಾರಿ ಬಸ್ಸುಗಳ ದೊಡ್ಡ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಹಲ್ಲಿನ ಚಕ್ರಗಳೇ ಈ ಕೆಲಸವನ್ನು ಮಾಡುತ್ತವೆ. ಅವು ಭಾರಿಯಾದವು, ಗದ್ದಲದವು, ಬೆಲೆಬಾಳುವವು. ಕಾರಿನ ಗೃಹಸ್ಥರಿಗೆ ಅವು ಹಿಡಿಸಲಿಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಈ ಲಯಕ್ಕೆ ಇನ್ನಷ್ಟು ಬೆಲೆಯಿದೆ. ರುಡಾಲ್ಫ್ ಡೀಸೆಲ್ ೧೮೯೨ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ೧೮೯೭ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಓಡಿಸಿ ತೋರಿಸಿದ ಯಂತ್ರದ ತತ್ತ್ವವೇ ಬೇರೆ. ಅದರಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಗಾಳಿಯನ್ನು ಅದರ ಗಾತ್ರದ ಇಪ್ಪತ್ತನೆಯ ಒಂದು ಪಾಲಿಗೆ ಬರುವಷ್ಟು ಅದುಮಿದರೆ ಅದು ತಾನಾಗಿ ಕಾಯುತ್ತದೆ. ಆ ಕಾವಿಗೆ ಎಣ್ಣೆಯನ್ನು ಚಿಮ್ಮಿಸಿದ ಕ್ಷಣವೇ ಉರಿಯುವ ಕ್ಷಣ. ಅಷ್ಟು ಅದುಮಬೇಕಾದರೆ ಪಿಸ್ಟನ್ನಿನ ನೆತ್ತಿ ಮೇಲಿನ ಛಾವಣಿಗೆ ತಾಗಿತೋ ಇಲ್ಲವೋ ಎನ್ನುವಷ್ಟು ಸಮೀಪಕ್ಕೆ ಏರಬೇಕು. ಅದೇ ಛಾವಣಿಯಿಂದಲೇ ಕವಾಟಗಳು ಕೆಳಕ್ಕೆ ತೆರೆದುಕೊಳ್ಳುವುದು. ಪಿಸ್ಟನ್ನು ಬರುವಾಗ ಕವಾಟ ಸರಿದಿರಬೇಕು, ಕವಾಟ ಇಳಿಯುವಾಗ ಪಿಸ್ಟನ್ನು ದೂರ ಹೋಗಿರಬೇಕು. ಇಬ್ಬರೂ ಒಂದೇ ಬಾಗಿಲಲ್ಲಿ ಓಡಾಡುವ, ಆದರೆ ಒಮ್ಮೆಯೂ ಮುಖಾಮುಖಿಯಾಗಕೂಡದ ಅತ್ತೆ ಸೊಸೆಯರಂತೆ. ಲಯ ತಪ್ಪಿದರೆ ಎರಡೂ ಢಿಕ್ಕಿ ಹೊಡೆಯುತ್ತವೆ, ಬಾಗುವುದು ಕವಾಟ.

ಇನ್ನು ಚರಿತ್ರೆ. ನನ್ನನ್ನು ಬೆರಗುಗೊಳಿಸಿದ ಸಂಗತಿ ಇದು: ಈ ಎರಡು ವಸ್ತುಗಳೂ ಮೋಟಾರಿಗಾಗಿ ಹುಟ್ಟಿದವಲ್ಲ. ಎರಡೂ ಬಟ್ಟೆಯ ಕಸುಬಿನಿಂದ ಬಂದವು. ಒಂದು ಮಗ್ಗದ ಕಡೆಯಿಂದ, ಇನ್ನೊಂದು ದರ್ಜಿಯ ಕಡೆಯಿಂದ.

ಸರಪಣಿಯ ಕಥೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನದು. ಹತ್ತಿ ಗಿರಣಿಗಳ ಹೊಗೆಯಿಂದ ಆಕಾಶವೇ ಕಪ್ಪಿಟ್ಟಿದ್ದ ಆ ಊರಿಗೆ ೧೮೭೩ರಲ್ಲಿ ಹಾನ್ಸ್ ರೆನೋಲ್ಡ್ ಎಂಬ ಸ್ವಿಟ್ಜರ್ಲೆಂಡಿನ ತರುಣ ಬಂದ. ಊರಿನ ಮಗ್ಗುಲಿನ ಸಾಲ್ಫರ್ಡಿನಲ್ಲಿ ಜೇಮ್ಸ್ ಸ್ಲೇಟರ್ ಎಂಬಾತನ ಸಣ್ಣ ಕಾರ್ಖಾನೆಯಿತ್ತು. ಜವಳಿ ಯಂತ್ರಗಳಿಗೆ ಬೇಕಾದ ಸರಪಣಿಗಳನ್ನು ಮಾಡುವುದು ಅದರ ಕೆಲಸ. ೧೮೭೯ರಲ್ಲಿ ರೆನೋಲ್ಡ್ ಅದನ್ನು ಕೊಂಡುಕೊಂಡ. ಹಳೆಯ ಸರಪಣಿಗಳಲ್ಲಿ ಒಂದು ದೋಷವಿತ್ತು. ಎರಡು ಕೊಂಡಿಗಳನ್ನು ಸೇರಿಸುವ ಮೊಳೆಯ ಮೇಲಿನ ಭಾರವೆಲ್ಲ ತೆಳುವಾದ ತಗಡಿನ ಅಂಚಿನ ಮೇಲೆ ಬಿದ್ದು, ಮೊಳೆ ಬೇಗ ಕೊರೆದುಹೋಗುತ್ತಿತ್ತು. ರೆನೋಲ್ಡ್ ೧೮೮೦ರಲ್ಲಿ ಆ ಮೊಳೆಗೆ ಒಂದು ಕೊಳವೆಯನ್ನು ತೊಡಿಸಿ, ಕೊಳವೆಯ ಮೇಲೆ ಉರುಳುವ ಬಳೆಯೊಂದನ್ನು ಕೂರಿಸಿ ಪೇಟೆಂಟು ಪಡೆದ. ಭಾರ ಅಗಲಕ್ಕೆ ಹಂಚಿಕೊಂಡಿತು, ಸವೆತ ತಗ್ಗಿತು. ಮಾಡಿದ್ದು ಇಷ್ಟೇ, ಆದರೆ ಐದು ವರ್ಷಗಳ ಅನಂತರ ಕವೆಂಟ್ರಿ ನಗರದಲ್ಲಿ ಸ್ಟಾರ್ಲಿ ಎಂಬಾತ ರೋವರ್ ಸೈಕಲ್ಲನ್ನು ಹೊರತಂದಾಗ ತುಳಿಯುವವನ ಬಲವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸಿದ್ದು ಸರಪಣಿಯೇ. ಸೈಕಲ್ಲಿನಿಂದ ಮೋಟಾರಿಗೆ ಅದು ನಡೆದುಬಂದ ದಾರಿಯನ್ನು ಬೇರೆ ಹೇಳಬೇಕಾಗಿಲ್ಲ. ಈ ಹೊತ್ತು ಕಾರಿನ ಎಂಜಿನ್ನಿನಲ್ಲಿ ತಿರುಗುವ ಸರಪಣಿಗಳಲ್ಲಿ ಹಲವಕ್ಕೆ ರೆನೋಲ್ಡನ ಕೊಳವೆಯೇ ಮೂಲ.

ಬಹುಕಾಲ ಸರಪಣಿಗೆ ಎದುರಾಳಿ ಇರಲಿಲ್ಲ. ಕ್ಯಾಮ್ ಶಾಫ್ಟು ಎಂಜಿನ್ನಿನ ಹೊಟ್ಟೆಯೊಳಗೆ, ಕ್ರ್ಯಾಂಕಿನ ಪಕ್ಕದಲ್ಲೇ ಕೂತಿರುತ್ತಿತ್ತು. ಅಲ್ಲಿಂದ ಉದ್ದನೆಯ ಕಡ್ಡಿಗಳು ಮೇಲಕ್ಕೆ ಹೋಗಿ ಕವಾಟಗಳನ್ನು ತಳ್ಳುತ್ತಿದ್ದವು. ಎರಡು ದಂಡಗಳ ನಡುವೆ ಗೇಣುದ್ದದ ದೂರವಾದುದರಿಂದ ಗಿಡ್ಡ ಸರಪಣಿ ಸಾಕಾಗಿತ್ತು, ಎಣ್ಣೆಯಲ್ಲಿ ಮಿಂದು ಅದು ಸುಖವಾಗಿತ್ತು. ನಮ್ಮವರಿಗೆಲ್ಲ ಪರಿಚಿತವಾದ ಅಂಬಾಸಡರ್ ಕಾರು ಈ ಬಗೆಯದು. ೧೯೮೦ರ ಸುಮಾರಿಗೆ ಅದರಲ್ಲಿ ಡೀಸೆಲ್ ಎಂಜಿನ್ನು ಬಂತು, ೧೪೮೯ ಘನ ಸೆಂಟಿಮೀಟರಿನದು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಹಳೆಯ ವಿನ್ಯಾಸ, ಇಬ್ಬರಿಗೆ ಸರಪಣಿ. ಇಬ್ಬರಿಗೆ ಎಂದರೆ ಎರಡು ಸಾಲು ಕೊಂಡಿಗಳನ್ನು ಜೊತೆಗೂಡಿಸಿದ್ದು ಎಂದರ್ಥ. ಮರ್ಸಿಡಿಸ್ ಬೆಂಝ್ ಕಂಪನಿಯೂ ಎಪ್ಪತ್ತರ ದಶಕದ ತನ್ನ ಡೀಸೆಲ್ ಕಾರುಗಳಿಗೆ ಇಂಥ ಇಬ್ಬರಿಗೆ ಸರಪಣಿಯನ್ನೇ ಹಾಕುತ್ತಿತ್ತು. ೧೯೩೬ರಲ್ಲಿ ೨೬೦-ಡಿ ಎಂಬ ಮಾದರಿಯಿಂದ ಡೀಸೆಲ್ ಕಾರನ್ನು ಸಾಲುಸಾಲಾಗಿ ತಯಾರಿಸಲು ತೊಡಗಿದ ಮನೆತನ ಅದು. ಬೇರೆಬೇರೆ ದೇಶಗಳ ಟ್ಯಾಕ್ಸಿಯವರು ಅದರ ಕಾರುಗಳನ್ನು ಲಕ್ಷಗಟ್ಟಲೆ ಕಿಲೋಮೀಟರು ಓಡಿಸಿದರು. 'ಸರಪಣಿ ಎಂದರೆ ಸಾಯುವತನಕ' ಎಂಬ ಲೋಕರೂಢಿ ಹುಟ್ಟಿದ್ದು ಆ ಕಾಲದಲ್ಲಿ. ಆಗ ಅದು ಬಹುಮಟ್ಟಿಗೆ ನಿಜವೂ ಆಗಿತ್ತು.

ದರ್ಜಿಯ ಕಡೆಯ ಕಥೆ ಅಮೆರಿಕದ್ದು. ಹೊಲಿಗೆ ಯಂತ್ರದಲ್ಲಿ ಸೂಜಿ ಮೇಲಿನಿಂದ ಇಳಿದು ನೂಲನ್ನು ಕೆಳಕ್ಕೆ ಒಯ್ಯುತ್ತದೆ. ಕೆಳಗಿನ ಬಾಬಿನ್ನಿನ ಕೊಕ್ಕೆ ಅದೇ ಗಳಿಗೆಗೆ ಬಂದು ಆ ನೂಲನ್ನು ಹಿಡಿಯಬೇಕು. ಕೊಕ್ಕೆ ಒಂದು ಕೂದಲೆಳೆ ಹಿಂದೆ ಬಿದ್ದರೆ ಹೊಲಿಗೆ ಬಿಟ್ಟುಹೋಗುತ್ತದೆ, ಮುಂದಾದರೆ ಸೂಜಿ ಮುರಿಯುತ್ತದೆ. ಮೇಲಿನ ದಂಡವನ್ನೂ ಕೆಳಗಿನ ದಂಡವನ್ನೂ ಚರ್ಮದ ಪಟ್ಟಿಯಿಂದ ಜೋಡಿಸೋಣವೆಂದರೆ ಅದು ಜಾರುತ್ತದೆ. ೧೯೪೦ರ ದಶಕದಲ್ಲಿ ಯುನೈಟೆಡ್ ಸ್ಟೇಟ್ಸ್ ರಬ್ಬರ್ ಕಂಪನಿಯ ರಿಚರ್ಡ್ ಕೇಸ್ ಎಂಬ ಎಂಜಿನಿಯರು ಸಿಂಗರ್ ಹೊಲಿಗೆ ಯಂತ್ರಕ್ಕಾಗಿ ಈ ತೊಡಕನ್ನು ಬಿಡಿಸಿದ. ರಬ್ಬರಿನ ಪಟ್ಟಿಯ ಒಳಮೈಗೇ ಹಲ್ಲು ಮೂಡಿಸಿದರೆ, ಅದು ಹಲ್ಲಿನ ಚಕ್ರದ ಮೇಲೆ ಜಾರದೆ ನಡೆಯುತ್ತದೆ; ಎಣ್ಣೆ ಬೇಕಾಗಿಲ್ಲ, ಆದ್ದರಿಂದ ಬಟ್ಟೆಗೆ ಕಲೆಯಿಲ್ಲ; ಸದ್ದೂ ಇಲ್ಲ. ಸೂಜಿ ಮತ್ತು ಕೊಕ್ಕೆ, ಪಿಸ್ಟನ್ನು ಮತ್ತು ಕವಾಟ. ಎರಡು ಜೋಡಿಗಳ ಕಷ್ಟವೂ ಒಂದೇ ಎಂಬುದು ಯಾರಿಗೋ ಹೊಳೆಯಲೇಬೇಕಾಗಿತ್ತು.

ಅದು ಹೊಳೆಯುವುದಕ್ಕೆ ಕಾಲವೂ ಒದಗಿಬಂತು. ಎಂಜಿನ್ನು ಇನ್ನೂ ಚುರುಕಾಗಿ ತಿರುಗಬೇಕಾದರೆ ಆ ಉದ್ದನೆಯ ಕಡ್ಡಿಗಳನ್ನು ಕಿತ್ತೊಗೆದು ಕ್ಯಾಮ್ ಶಾಫ್ಟನ್ನೇ ಕವಾಟಗಳ ನೆತ್ತಿಯ ಮೇಲೆ ಕೂರಿಸುವುದು ಮೇಲೆಂದು ಯುರೋಪಿನ ಕಂಪನಿಗಳು ಕಂಡುಕೊಂಡವು. ಅದು ಮಹಡಿ ಹತ್ತಿದ ಕೂಡಲೆ ಸರಪಣಿ ಉದ್ದವಾಯಿತು. ಉದ್ದವಾದ ಸರಪಣಿ ಬಡಿದಾಡುತ್ತದೆ. ಅದಕ್ಕೆ ಬಿಗಿಯುವ ಸಾಧನ ಬೇಕು, ಸವರಿಕೊಂಡು ಹೋಗುವ ಹಳಿ ಬೇಕು, ಎಣ್ಣೆ ಸೋರದ ಪೆಟ್ಟಿಗೆ ಬೇಕು. ಅಗ್ಗದ ಕಾರಿಗೆ ಇದೆಲ್ಲ ಎಲ್ಲಿಂದ ತರುವುದು?

ಉತ್ತರ ಬಂದದ್ದು ಒಕ್ಕಲುತನದ ಸಾಮಾನು ಮಾಡುತ್ತಿದ್ದವರಿಂದ. ಜರ್ಮನಿಯ ಬವೇರಿಯ ಸೀಮೆಯ ಡಿಂಗೊಲ್ಫಿಂಗ್ ಎಂಬ ಸಣ್ಣ ಊರಿನಲ್ಲಿ ಗ್ಲಾಸ್ ಎಂಬ ಮನೆತನದವರು ಬಿತ್ತನೆಯ ಕೂರಿಗೆ ಯಂತ್ರಗಳನ್ನು ಮಾಡಿಕೊಂಡಿದ್ದರು. ಯುದ್ಧದ ಅನಂತರ ಸ್ಕೂಟರಿಗೆ ಕೈಹಾಕಿ, ೧೯೫೫ರಲ್ಲಿ ಗೊಗ್ಗೊಮೊಬೈಲ್ ಎಂಬ ಪುಟ್ಟ ಕಾರನ್ನು ಹೊರತಂದರು. ಅವರದೇ ಗ್ಲಾಸ್ ೧೦೦೪ ಎಂಬ ಕಾರು ೧೯೬೨ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಕ್ಯಾಮ್ ಶಾಫ್ಟನ್ನು ತಿರುಗಿಸುತ್ತಿದ್ದುದು ಹಲ್ಲಿನ ರಬ್ಬರು ಬೆಲ್ಟು. ಸಾಲುತಯಾರಿಕೆಯ ಕಾರಿನಲ್ಲಿ ಅದೇ ಮೊದಲು. ೧೯೬೬ರಲ್ಲಿ ಇಟಲಿಯ ಫಿಯಟ್ ಕಂಪನಿಗೆ ಲಂಪ್ರೆಡಿ ರೂಪಿಸಿದ ಎಂಜಿನ್ನಿನಲ್ಲಿ ಎರಡು ಕ್ಯಾಮ್ ಶಾಫ್ಟುಗಳನ್ನು ಬೆಲ್ಟು ನಡೆಸಿತು. ಅದೇ ಹೊತ್ತಿಗೆ ಅಮೆರಿಕದ ಪಾಂಟಿಯಾಕಿನಲ್ಲೂ ಬೆಲ್ಟು ಬಂತು. ಕೂರಿಗೆಯವರ ಕಾರಿನ ಕಾರ್ಖಾನೆ ಮಾತ್ರ ಅದೇ ವರ್ಷದ ಕೊನೆಗೆ ಸಾಲದ ಭಾರಕ್ಕೆ ಕುಸಿದು ಬಿ.ಎಂ.ಡಬ್ಲ್ಯು. ಕಂಪನಿಯ ಪಾಲಾಯಿತು. ಆ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇವೆಲ್ಲ ಪೆಟ್ರೋಲ್ ಕಾರುಗಳು. ಡೀಸೆಲ್ಲಿನ ಮನೆಗೆ ಬೆಲ್ಟು ಮೆಟ್ಟಿಲಿಟ್ಟದ್ದನ್ನು ಲೋಕ ಗಮನಿಸಿದ್ದು ೧೯೭೬ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಡೀಸೆಲ್ಲಿನೊಡನೆ. ೧೪೭೧ ಘನ ಸೆಂಟಿಮೀಟರು, ೫೦ ಅಶ್ವಶಕ್ತಿ. ಪೆಟ್ರೋಲ್ ಎಂಜಿನ್ನನ್ನೇ ಬಲಪಡಿಸಿ ಮಾಡಿದ ಈ ಚಿಕ್ಕ ಎಂಜಿನ್ನು, ಡೀಸೆಲ್ ಎಂದರೆ ಟ್ಯಾಕ್ಸಿ ಮತ್ತು ಟ್ರಾಕ್ಟರು ಎಂದುಕೊಂಡಿದ್ದ ಯುರೋಪಿನ ಮಧ್ಯಮವರ್ಗದ ಮನಸ್ಸನ್ನು ಬದಲಾಯಿಸಿತು. ಇಲ್ಲಿ ಬೆಲ್ಟಿನ ಹೊರೆ ಇಮ್ಮಡಿಯಾಯಿತು. ಕವಾಟಗಳ ಜೊತೆಗೆ ಎಣ್ಣೆ ಚಿಮ್ಮಿಸುವ ಪಂಪನ್ನೂ ಅದೇ ನಡೆಸಬೇಕು. ಪಂಪು ಒಂದೊಂದು ಸಲ ಚಿಮ್ಮಿಸುವಾಗಲೂ ಬೆಲ್ಟನ್ನು ಜಗ್ಗುತ್ತದೆ. ರಬ್ಬರು ಇದನ್ನು ತಾಳಿಕೊಂಡದ್ದು ಹೇಗೆ ಎಂದರೆ ಅದು ಬರಿಯ ರಬ್ಬರಲ್ಲ. ಒಳಗೆ ಗಾಜಿನ ಎಳೆಗಳ ಹುರಿ. ಹಲ್ಲುಗಳ ಮೇಲೆ ನೇಯ್ದ ನೈಲಾನ್ ಬಟ್ಟೆ. ದರ್ಜಿಯ ಮನೆ ಬಿಟ್ಟು ಬಂದರೂ ಬಟ್ಟೆಯ ಋಣ ತೀರಲಿಲ್ಲ. ಮೊದಲು ನಿಯೋಪ್ರೀನ್ ಎಂಬ ಕೃತಕ ರಬ್ಬರಿನದಾಗಿದ್ದ ಬೆಲ್ಟು ಅನಂತರ ಕಾವನ್ನು ಇನ್ನೂ ಚೆನ್ನಾಗಿ ತಾಳುವ ಬೇರೊಂದು ಬಗೆಯ ರಬ್ಬರಿನದಾಯಿತು, ಚೂಪಾಗಿದ್ದ ಹಲ್ಲುಗಳು ದುಂಡಗಾದವು, ಆಯುಸ್ಸು ಬೆಳೆಯಿತು.

ಆದರೆ ಆಯುಸ್ಸಿಗೆ ಒಂದು ಗಡಿ ಇದ್ದೇ ಇತ್ತು. ಇಷ್ಟು ಕಿಲೋಮೀಟರು ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು, ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಕಾರು ನಿಂತಲ್ಲೇ ನಿಂತಿದ್ದರೂ ರಬ್ಬರು ಮುದಿಯಾಗುತ್ತದೆ ಎಂಬುದನ್ನು ನಮ್ಮಲ್ಲಿ ಬಹುಮಂದಿ ಒಪ್ಪುವುದಿಲ್ಲ. ಅಲ್ಲದೆ ಬೆಲ್ಟಿನ ಸಾವಿಗೆ ಬೆಲ್ಟೇ ಕಾರಣವಾಗಬೇಕೆಂದಿಲ್ಲ. ಎಷ್ಟೋ ಎಂಜಿನ್ನುಗಳಲ್ಲಿ ನೀರಿನ ಪಂಪನ್ನೂ ಅದೇ ತಿರುಗಿಸುತ್ತದೆ. ಪಂಪು ಬಿಗಿದುಕೊಂಡರೆ ಬೆಲ್ಟನ್ನೂ ಕರೆದುಕೊಂಡೇ ಹೋಗುತ್ತದೆ. ಪಕ್ಕದ ಸೀಲಿನಿಂದ ಆಯಿಲ್ ತೊಟ್ಟಿಕ್ಕಿದರೂ ಸಾಕು.

ಹನ್ನೆರಡು ವರ್ಷಗಳ ಕೆಳಗೆ ಹಾಸನದಿಂದ ಮಂಗಳೂರಿಗೆ ಒಂದು ಬಾಡಿಗೆ ಕಾರಿನಲ್ಲಿ ಹೊರಟಿದ್ದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಎಂಜಿನ್ನು ನಿಂತುಹೋಯಿತು. ಹೊಗೆಯಿಲ್ಲ, ಸದ್ದಿಲ್ಲ. ಮಾತಾಡುತ್ತಿದ್ದವರು ಅರ್ಧ ವಾಕ್ಯದಲ್ಲಿ ಸುಮ್ಮನಾದಂತೆ. ಚಾಲಕ ಇನ್ನೂ ಮೂವತ್ತು ತುಂಬದ ಹುಡುಗ. ಕಾರನ್ನು ಮೂರನೆಯ ಕೈಯಿಂದ, ಸಾಲ ಮಾಡಿ ಕೊಂಡಿದ್ದ. ಕೀಲಿ ತಿರುಗಿಸಿದ, ಎಂಜಿನ್ನು ಭಾರವೇ ಇಲ್ಲದಂತೆ ಹಗುರವಾಗಿ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದ. ಸಕಲೇಶಪುರದಿಂದ ಬಂದ ಮೇಸ್ತ್ರಿ ಅದನ್ನು ದೂರದಿಂದಲೇ ಕೇಳಿಸಿಕೊಂಡು, "ಸಾಕು ಬಿಡಪ್ಪಾ, ಇನ್ನು ಸ್ಟಾರ್ಟ್ ಹೊಡೀಬೇಡ. ಬೆಲ್ಟು ಹೋಗಿದೆ" ಎಂದರು. ಬೆಲ್ಟನ್ನು ಯಾವಾಗ ಬದಲಾಯಿಸಿದ್ದು ಎಂದು ಅವರು ಕೇಳಿದ್ದಕ್ಕೆ ಹುಡುಗ, "ಹಿಂದಿನ ಓನರು ಏನೂ ಹೇಳಿಲ್ಲ ಅಣ್ಣಾ" ಎಂದ. ನಾನು ಬೇರೆ ಬಸ್ಸು ಹಿಡಿದು ಹೋದೆ. ತಿಂಗಳ ಮೇಲೆ ಹಾಸನದ ನಿಲ್ದಾಣದಲ್ಲಿ ಸಿಕ್ಕಾಗ ಅವನು ಜೇಬಿನಿಂದ ಬಾಗಿದ ಕವಾಟವೊಂದನ್ನು ತೆಗೆದು ತೋರಿಸಿದ. ತಾವರೆಯ ದಂಟಿನಂತೆ ಓರೆಯಾಗಿತ್ತು. ಎಂಟು ಕವಾಟಗಳಲ್ಲಿ ಆರು ಹೀಗೆ ಆಗಿದ್ದವಂತೆ. ಕಾರು ಮೂರು ವಾರ ನಿಂತಿತ್ತು, ಎರಡು ಕಂತು ತಪ್ಪಿತ್ತು. ಬೆಲ್ಟಿನ ಬೆಲೆ ರಿಪೇರಿಯ ಹತ್ತನೆಯ ಒಂದು ಪಾಲೂ ಆಗಿರಲಿಲ್ಲ.

ಬೆಲ್ಟಿನ ಬಗ್ಗೆ ಜನರಿಗಿರುವ ಭಯ ಇಂಥ ಅನುಭವಗಳಿಂದ ಬಂದದ್ದು. ಅದು ಆಧಾರವಿಲ್ಲದ್ದೇನೂ ಅಲ್ಲ. ಕಂಪನಿಗಳು ಈ ಭಯವನ್ನು ಬಲ್ಲವು. ಕಳೆದ ಶತಮಾನದ ಕೊನೆಯಿಂದ ಸರಪಣಿ ಮೆಲ್ಲಮೆಲ್ಲನೆ ಹಿಂದಿರುಗಿತು. 'ಇದರಲ್ಲಿ ಚೈನಿದೆ, ಬದಲಾಯಿಸುವ ತಾಪತ್ರಯವಿಲ್ಲ' ಎಂಬುದು ಮಾರಾಟಗಾರರ ಬಾಯಲ್ಲಿ ಮಂತ್ರವಾಯಿತು. ಈ ಮಂತ್ರದ ಬಗ್ಗೆ ನನಗೆ ತಕರಾರಿದೆ.

ಹಿಂದಿರುಗಿದ್ದು ಹಳೆಯ ಸರಪಣಿಯಲ್ಲ. ಎರಡು ಸಾಲಿನದು ಒಂದು ಸಾಲಿನದಾಗಿತ್ತು, ತೂಕ ಇಳಿದಿತ್ತು, ಉದ್ದ ಬೆಳೆದಿತ್ತು. ಬಿಗಿಯುವ ಸಾಧನ ಎಂಜಿನ್ ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುವಂಥದು. ಸರಪಣಿ 'ಎಳೆದುಕೊಂಡಿತು', 'ಉದ್ದವಾಯಿತು' ಎಂದು ಮೇಸ್ತ್ರಿಗಳು ಹೇಳುವುದುಂಟು. ನಿಜವಾಗಿ ಉಕ್ಕು ಎಳೆದುಕೊಳ್ಳುವುದಿಲ್ಲ. ಒಂದೊಂದು ಕೀಲಿನಲ್ಲೂ ರೆನೋಲ್ಡನ ಮೊಳೆಯೂ ಕೊಳವೆಯೂ ಪರಸ್ಪರ ಉಜ್ಜಿ ಸವೆಯುತ್ತವೆ. ನೂರು ಕೀಲುಗಳ ಸರಪಣಿಯಲ್ಲಿ ಒಂದೊಂದು ಕೀಲು ಮಿಲಿಮೀಟರಿನ ನೂರನೆಯ ಒಂದು ಪಾಲು ಸವೆದರೆ ಒಟ್ಟು ಒಂದು ಮಿಲಿಮೀಟರು ಸಡಿಲ. ಅಷ್ಟಾದರೆ ಲಯ ಹಿಂದೆ ಬೀಳತೊಡಗುತ್ತದೆ. ಈ ಸವೆತಕ್ಕೆ ಡೀಸೆಲ್ಲಿನಲ್ಲಿ ವಿಶೇಷ ಕಾರಣವೊಂದಿದೆ. ಡೀಸೆಲ್ ಉರಿದಾಗ ಮಸಿಯಾಗುತ್ತದೆ. ಅದರಲ್ಲಿ ಸ್ವಲ್ಪ ಆಯಿಲಿಗೆ ಇಳಿಯುತ್ತದೆ. ಮಸಿ ಬೆರೆತ ಆಯಿಲು ಕೀಲುಗಳಲ್ಲಿ ಸಾಣೆಯ ಪುಡಿಯಂತೆ ವರ್ತಿಸುತ್ತದೆ. ಆಯಿಲು ಬದಲಾಯಿಸುವುದನ್ನು ಮುಂದೂಡಿದಷ್ಟೂ ಸರಪಣಿ ಸವೆಯುತ್ತದೆ. ಅಂದರೆ ಬದಲಾಯಿಸುವ ತಾಪತ್ರಯ ತಪ್ಪಲಿಲ್ಲ, ಬೆಲ್ಟಿನಿಂದ ಆಯಿಲಿಗೆ ದಾಟಿಕೊಂಡಿತು ಅಷ್ಟೆ. ಆದರೆ ಸರಪಣಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಬೆಲ್ಟಿನಂತೆ ಅದು ಮೌನವಾಗಿ ಹೋಗುವುದು ಕಡಿಮೆ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಎಂಜಿನ್ನು ಹೊತ್ತಿಕೊಂಡಾಗ, ಆಯಿಲಿನ ಒತ್ತಡ ಏರುವ ಮೊದಲು, ಒಂದೆರಡು ಕ್ಷಣ ಕಟಕಟ ಎನ್ನುತ್ತದೆ. ಕಿವಿಯಿದ್ದವರಿಗೆ ಅದು ಮುನ್ಸೂಚನೆ.

ಈಗ ಬಿ.ಎಂ.ಡಬ್ಲ್ಯು. ಕಡೆಗೆ ಬರಬಹುದು. ಕೂರಿಗೆಯವರ ಊರನ್ನೂ ಕಾರ್ಖಾನೆಯನ್ನೂ ಕೊಂಡ ಈ ಕಂಪನಿ ೧೯೮೩ರಲ್ಲಿ ತನ್ನ ಮೊದಲ ಡೀಸೆಲ್ ಕಾರನ್ನು ಬೆಲ್ಟಿನೊಡನೆಯೇ ತಂದಿತು. ಆಮೇಲೆ ಸರಪಣಿಗೆ ತಿರುಗಿತು. ೨೦೦೭ರಲ್ಲಿ ಎನ್-೪೭ ಎಂಬ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಹೊರತಂದಾಗ ಸರಪಣಿಯನ್ನು ಎಂಜಿನ್ನಿನ ಮುಂದುಗಡೆಯಿಂದ ತೆಗೆದು ಹಿಂದುಗಡೆಗೆ, ಗೇರುಪೆಟ್ಟಿಗೆಯ ಮಗ್ಗುಲಿಗೆ ಒಯ್ದಿತು. ಅಲ್ಲಿ ಕಂಪನ ಕಡಿಮೆ. ಎಂಜಿನ್ನಿನ ಮುಂಭಾಗವನ್ನೂ ತಗ್ಗಿಸಬಹುದು. ವಿದ್ಯೆಯ ದೃಷ್ಟಿಯಿಂದ ಒಳ್ಳೆಯ ವಿಚಾರವೇ. ಆದರೆ ಮೊದಲ ವರ್ಷಗಳ ಎಂಜಿನ್ನುಗಳಲ್ಲಿ ಸರಪಣಿ ಬೇಗ ಸವೆಯಿತು, ಕೆಲವು ಕಡಿದೇಹೋದವು. ಅದನ್ನು ಮುಟ್ಟಬೇಕಾದರೆ ಇಡೀ ಎಂಜಿನ್ನನ್ನೇ ಕೆಳಗಿಳಿಸಬೇಕು. 'ಜೀವಾವಧಿ' ಎಂಬ ನಂಬಿಕೆಯಿಂದಲೇ ಅದನ್ನು ಅಷ್ಟು ಒಳಗಿಟ್ಟದ್ದು. ಯಾರ ಜೀವಾವಧಿ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ. ಹೊಸ ಕಾರು ಕೊಳ್ಳುವವನು ನಾಲ್ಕೈದು ವರ್ಷ ಇಟ್ಟುಕೊಂಡು ಮಾರುತ್ತಾನೆ. ಅವನ ಮಟ್ಟಿಗೆ ಬೆಲ್ಟೂ ಸರಪಣಿಯೂ ಜೀವಾವಧಿಯವೇ. ಸವೆತದ ಲೆಕ್ಕ ಕಟ್ಟುವವನು ಮೂರನೆಯ ಕೈಯಿಂದ ಕೊಂಡವನು.

ನಮ್ಮ ದೇಶದ ಮಟ್ಟಿಗೆ ಸರಪಣಿಯನ್ನು ಮನೆಮನೆಗೆ ತಂದದ್ದು ಫಿಯಟ್ ಕಂಪನಿಯ ೧.೩ ಲೀಟರಿನ ಮಲ್ಟಿಜೆಟ್ ಎಂಜಿನ್ನು. ೨೦೦೩ರಲ್ಲಿ ಯುರೋಪಿನಲ್ಲಿ ಹುಟ್ಟಿದ ಈ ೧೨೪೮ ಘನ ಸೆಂಟಿಮೀಟರಿನ ಎಂಜಿನ್ನು ಹರಿಯಾಣದ ಮಾನೇಸರದಲ್ಲೂ ಪುಣೆಯ ಬಳಿಯ ರಂಜನಗಾಂವಿನಲ್ಲೂ ತಯಾರಾಗಿ, ಮಾರುತಿ, ಟಾಟಾ, ಫಿಯಟ್ ಮೂವರ ಕಾರುಗಳಿಗೂ ಸೇರಿತು. ೨೦೦೭ರ ಸ್ವಿಫ್ಟ್ ಡೀಸೆಲ್ ಅನಂತರ ಇದು ಎಷ್ಟು ಹಬ್ಬಿತೆಂದರೆ ಜನ ಅದನ್ನು ರಾಷ್ಟ್ರೀಯ ಡೀಸೆಲ್ ಎಂಜಿನ್ನು ಎಂದು ತಮಾಷೆ ಮಾಡಿದರು. ೨೦೨೦ರ ಏಪ್ರಿಲಿನಲ್ಲಿ ಹೊಗೆಯ ಹೊಸ ನಿಯಮ ಬಂದಾಗ ಮಾರುತಿ ಅದನ್ನು ಕೈಬಿಟ್ಟಿತು. ಚಿಕ್ಕದು, ಚೊಕ್ಕದು, ಮಿತವ್ಯಯದ್ದ. ಹೊತ್ತುಹೊತ್ತಿಗೆ ಆಯಿಲು ಕಂಡ ಗಾಡಿಗಳಲ್ಲಿ ಸರಪಣಿ ಲಕ್ಷಗಟ್ಟಲೆ ಕಿಲೋಮೀಟರು ಬಾಳಿದೆ, ಕಾಣದವುಗಳಲ್ಲಿ ಹಲ್ಲು ಹಾರಿ ಕವಾಟಗಳನ್ನು ಕೆಡಿಸಿದ್ದೂ ಉಂಟು. ಇದಕ್ಕೆ ಮುಂಚೆ, ೧೯೯೮ರ ಟಾಟಾ ಇಂಡಿಕಾ ಡೀಸೆಲ್ಲಿನಲ್ಲಿ ಇದ್ದುದು ಬೆಲ್ಟು.

ಸರಪಣಿಗೆ ಎಣ್ಣೆಸ್ನಾನ, ಬೆಲ್ಟಿಗೆ ಒಣ ಮಡಿ ಎಂಬುದು ಅಲ್ಲಿಯವರೆಗಿನ ಕಟ್ಟಳೆಯಾಗಿತ್ತು. ಅದನ್ನೂ ಮೀರಿ ಬೆಲ್ಟನ್ನೇ ಆಯಿಲಿನಲ್ಲಿ ಓಡಿಸುವ ಹೊಸ ಬಗೆ ಈಚೆಗೆ ಬಂತು. ಘರ್ಷಣೆ ಕಡಿಮೆ, ಇಂಧನ ಉಳಿತಾಯ ಎಂಬುದು ವಾದ. ಫೋರ್ಡ್ ಕಂಪನಿ ೨೦೧೬ರಲ್ಲಿ ತಂದ ಇಕೋಬ್ಲೂ ಡೀಸೆಲ್ ಎಂಜಿನ್ನು ಈ ಜಾತಿಯದು. ಇದರ ಅಪಾಯ ಫ್ರಾನ್ಸಿನ ೧.೨ ಲೀಟರಿನ ಒಂದು ಪೆಟ್ರೋಲ್ ಎಂಜಿನ್ನಿನಲ್ಲಿ ಎಲ್ಲರಿಗೂ ಕಾಣಿಸಿಕೊಂಡಿತು: ಬೆಲ್ಟು ಆಯಿಲಿನಲ್ಲಿ ನೆನೆದು ಉದುರಿ, ಉದುರಿದ ಚೂರುಗಳು ಆಯಿಲಿನ ಜರಡಿಯನ್ನೇ ಮುಚ್ಚಿಬಿಟ್ಟವು. ಅದರ ಮುಂದಿನ ಆವೃತ್ತಿಗೆ ಕಂಪನಿ ಸರಪಣಿಯನ್ನೇ ಹಾಕಿತು. ಒಂದೇ ಎಂಜಿನ್ನಿನಲ್ಲಿ ಎರಡೂ ಇರುವುದೂ ಉಂಟು. ಅದೇ ದೇಶದ ೧.೬ ಲೀಟರಿನ ಹದಿನಾರು ಕವಾಟಗಳ ಡೀಸೆಲ್ಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಬೆಲ್ಟು, ಮೇಲಿನ ಎರಡು ಕ್ಯಾಮ್ ಶಾಫ್ಟುಗಳ ನಡುವೆ ಪುಟ್ಟ ಸರಪಣಿ. 'ಬೆಲ್ಟೋ ಚೈನೋ' ಎಂದು ಕೇಳಿದರೆ ಅದರ ಒಡೆಯ ಏನು ಹೇಳಬೇಕು?

ಕರ್ನಾಟಕದಲ್ಲೇ ಈ ಚರಿತ್ರೆಯ ಒಂದು ಕಂತು ನಡೆದಿದೆ. ಬೆಂಗಳೂರು ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ೨೦೦೦ದಲ್ಲಿ ಹೊರಬಂದ ಕ್ವಾಲಿಸ್ ಡೀಸೆಲ್ ಬೆಲ್ಟಿನದು. ೨೦೦೫ರಲ್ಲಿ ಬಂದ ಇನ್ನೋವಾದ ಎರಡೂವರೆ ಲೀಟರಿನ ಡೀಸೆಲ್ಲೂ ಬೆಲ್ಟಿನದೇ. ೨೦೧೬ರ ಇನ್ನೋವಾ ಕ್ರಿಸ್ಟಾದ ೨.೪ ಲೀಟರಿನ ಎಂಜಿನ್ನು ಸರಪಣಿಯದು. ಹಳೆಯ ಇನ್ನೋವಾದಲ್ಲಿ ಒಂದು ವಿಶೇಷವಿದೆ. ಕಂಪನಿ ನಿಗದಿ ಮಾಡಿದ ಕಿಲೋಮೀಟರು ತುಂಬಿದಾಗ ಚಾಲಕನ ಮುಂದಿನ ಫಲಕದಲ್ಲಿ 'ಟಿ-ಬೆಲ್ಟ್' ಎಂಬ ಸಣ್ಣ ದೀಪ ಹತ್ತುತ್ತದೆ. ಬೆಲ್ಟಿನ ಮೌನಕ್ಕೆ ನಾಲಗೆ ಕೊಡುವ ಈ ಯೋಚನೆ ನನಗೆ ಮೆಚ್ಚಿಕೆಯಾಯಿತು. ಆದರೆ ಆ ದೀಪಕ್ಕೆ ಬೆಲ್ಟು ಕಾಣಿಸುವುದಿಲ್ಲ. ಅದು ಎಣಿಸುವುದು ಕಿಲೋಮೀಟರನ್ನು ಮಾತ್ರ. ಬೆಲ್ಟು ಬದಲಾಯಿಸಿದ ಮೇಲೆ ದೀಪವನ್ನು ಕೈಯಿಂದಲೇ ಆರಿಸಿ ಎಣಿಕೆಯನ್ನು ಹೊಸದಾಗಿ ಶುರುಮಾಡಬೇಕು. ಹಾಗೆಯೇ, ಬೆಲ್ಟು ಬದಲಾಯಿಸದೆಯೂ ಅದನ್ನು ಆರಿಸಬಹುದು.

ಆ ಇನ್ನೋವಾಗಳು ಈಗಲೂ ಧರ್ಮಸ್ಥಳ, ಮಂತ್ರಾಲಯ, ಶಬರಿಮಲೆಗಳ ದಾರಿಯಲ್ಲಿ ಒಂಬತ್ತು ಹತ್ತು ಮಂದಿಯನ್ನು ಹೊತ್ತು ಓಡುತ್ತಿವೆ. ಕೈಯಿಂದ ಕೈಗೆ ಬಂದವುಗಳೇ ಹೆಚ್ಚು. ಬಲ್ಲ ಚಾಲಕರು ಕೊಳ್ಳುವಾಗ ದೀಪವನ್ನು ನೋಡುವುದಿಲ್ಲ. ಬಾನೆಟ್ಟನ್ನು ಎತ್ತಿ, ಬೆಲ್ಟಿನ ಮುಚ್ಚಳದ ಮೇಲೆ ಮೇಸ್ತ್ರಿ ಅಂಟಿಸಿದ ಚೀಟಿಯನ್ನು ಹುಡುಕುತ್ತಾರೆ. ಅದರಲ್ಲಿ ತಾರೀಖೂ ಕಿಲೋಮೀಟರೂ ಇರಬೇಕು, ಅದಕ್ಕೆ ಹೊಂದುವ ಬಿಲ್ಲು ಇರಬೇಕು, ಬಿಲ್ಲಿನಲ್ಲಿ ಬಿಗಿಯುವ ಉರುಳೆಯ ಹೆಸರೂ ಇರಬೇಕು. ಚೀಟಿಯೂ ಬಿಲ್ಲೂ ಇಲ್ಲದಿದ್ದರೆ ಬೆಲ್ಟು ಬದಲಾಗಿಲ್ಲವೆಂದೇ ಲೆಕ್ಕ ಹಿಡಿದು, ಅದರ ವೆಚ್ಚವನ್ನು ಕಾರಿನ ಬೆಲೆಯಲ್ಲಿ ಕಳೆದು ಮಾತಾಡುತ್ತಾರೆ. ಗಾಡಿಯನ್ನು ಮನೆಗೆ ಒಯ್ಯುವ ಮೊದಲು ಗ್ಯಾರೇಜಿಗೆ ಒಯ್ಯುತ್ತಾರೆ.